ಸಹಪಾಠಿ ನಿಮ್ಮ ಅಸೈನ್‌ಮೆಂಟ್ ಕಾಪಿ ಹೊಡೆದಾಗ ಏನು ಮಾಡಬೇಕು? ಸಾಕ್ಷಿಯಿಂದ ದೂರಿನವರೆಗೆ ಒಂದು ಸಮಗ್ರ ಮಾರ್ಗದರ್ಶಿ

ಲೆಕ್ಚರರ್ ಮೇಜಿನ ಮೇಲೆ ಎರಡು ಪ್ರಿಂಟ್‌ಔಟ್ ಇದ್ದವು. ಒಂದು ನನ್ನದು, ಇನ್ನೊಂದು ಪಕ್ಕದ ಬೆಂಚಿನ ಗೆಳೆಯನದು. ಎರಡರಲ್ಲೂ ಆರನೇ ಪುಟದಲ್ಲಿ ಒಂದೇ ಸಾಲು: ‘ಚಿತ್ರ 4ರಲ್ಲಿ ತೋರಿಸಿದಂತೆ’. ಆದರೆ ಎರಡರಲ್ಲೂ ಚಿತ್ರ 4 ಇರಲೇ ಇಲ್ಲ! ಪುಟ ಜಾಸ್ತಿಯಾಯಿತು ಅಂತ ಹಿಂದಿನ ರಾತ್ರಿ ಆ ಚಿತ್ರವನ್ನು ನಾನೇ ತೆಗೆದಿದ್ದೆ. ಸಾಲು ಮಾತ್ರ ಹಾಗೇ ಉಳಿದುಬಿಟ್ಟಿತ್ತು.

‘ಯಾರದ್ದನ್ನು ಯಾರು ನೋಡಿ ಬರೆದಿದ್ದು?’ ಅಂತ ಕೇಳಿದರು. ಇಬ್ಬರೂ ತಲೆ ತಗ್ಗಿಸಿ ನಿಂತೆವು. ‘ಸುಮ್ನೆ ಒಂದ್ಸಲ ನೋಡ್ತೀನಿ, ಕೊಡೋ’ ಅಂದಿದ್ದಕ್ಕೆ ಫೈಲ್ ಕೊಟ್ಟವನು ನಾನೇ. ಇಬ್ಬರಿಗೂ ಸೊನ್ನೆ ಬಿತ್ತು. ನನಗೆ ಸೊನ್ನೆಗಿಂತ ಹೆಚ್ಚು ಉರಿದದ್ದು ಬೇರೆ ವಿಷಯಕ್ಕೆ. ‘ಇದು ನನ್ನದು’ ಅಂತ ಹೇಳಲು ಬಾಯಿ ಇತ್ತು, ತೋರಿಸಲು ಕೈಯಲ್ಲಿ ಏನೂ ಇರಲಿಲ್ಲ. ಹಳೆಯ ಡ್ರಾಫ್ಟ್‌ಗಳನ್ನೆಲ್ಲ ಡಿಲೀಟ್ ಮಾಡಿ ಕೂತಿದ್ದೆ.

ಆಮೇಲೆ ಸಹಪಾಠಿಗಳ ಇಂಥ ಜಗಳಗಳನ್ನು ಹತ್ತಿರದಿಂದ ನೋಡಿದ್ದೇನೆ. ಕೆಲವದರಲ್ಲಿ ಮಧ್ಯಸ್ಥಿಕೆಗೂ ಕೂತಿದ್ದೇನೆ. ಎಲ್ಲದರಲ್ಲೂ ಒಂದೇ ತಪ್ಪು ಕಂಡಿದೆ. ಕೋಪ ಬಂದ ಕೂಡಲೇ ನಾವು ಜಡ್ಜ್ ಆಗಿಬಿಡುತ್ತೇವೆ. ‘ಅವನು ಕಳ್ಳ’ ಅನ್ನುವ ತೀರ್ಪು ನಮ್ಮ ಬಾಯಿಂದಲೇ ಬಂದಿರುತ್ತದೆ, ಸಾಕ್ಷಿ ಹುಡುಕುವುದು ಆಮೇಲೆ. ತೀರ್ಪು ಕೊಡುವುದಕ್ಕೆ ಬೇರೆಯವರಿದ್ದಾರೆ. ನೀವು ಮಾಡಬೇಕಾದದ್ದು, ನಿಮ್ಮ ಕೆಲಸ ನಿಮ್ಮದು ಅಂತ ತೋರಿಸುವುದು, ಕಂಡದ್ದನ್ನು ಕಂಡಷ್ಟೇ ಹೇಳುವುದು. ಕೆಳಗಿನ ಹೆಜ್ಜೆಗಳೆಲ್ಲ ಇದರ ಸುತ್ತಲೇ ಇವೆ.

ಹೆಜ್ಜೆ 1: ಒಂದು ರಾತ್ರಿ ಸುಮ್ಮನಿರಿ

ವಿಷಯ ಗೊತ್ತಾದ ಗಂಟೆಯಲ್ಲೇ ಕ್ಲಾಸ್ ವಾಟ್ಸಾಪ್ ಗ್ರೂಪಿನಲ್ಲಿ ಏನೂ ಹಾಕಬೇಡಿ. ಸ್ಟೇಟಸ್ ಹಾಕಬೇಡಿ, ‘ಕೆಲವರಿಗೆ ಸ್ವಂತ ಬುದ್ಧಿ ಇಲ್ಲ’ ಅನ್ನುವ ಚುಚ್ಚುಮಾತೂ ಬೇಡ. ನಿಮ್ಮ ಊಹೆ ತಪ್ಪಾಗಿದ್ದರೆ ಅದನ್ನು ವಾಪಸ್ ತೆಗೆದುಕೊಳ್ಳಲು ಆಗುವುದಿಲ್ಲ. ಊಹೆ ಸರಿಯಾಗಿದ್ದರೂ, ನಾಳೆ ವಿಚಾರಣೆಯಲ್ಲಿ ‘ಇವರು ನನ್ನ ಮಾನ ಕಳೆದರು’ ಅಂತ ಆ ಕಡೆಯವರು ಅದೇ ಸ್ಕ್ರೀನ್‌ಶಾಟ್ ಹಿಡಿದು ಬರುತ್ತಾರೆ. ಅಷ್ಟಾದ ಮೇಲೆ ಮಾತೆಲ್ಲ ನಿಮ್ಮ ಮೆಸೇಜಿನ ಮೇಲೆ. ಕಾಪಿ ಹೊಡೆದ ವಿಷಯ ಮೂಲೆಗೆ ಬೀಳುತ್ತದೆ.

ಸುಮ್ಮನಿರುವುದು ಅಂದರೆ ಕೈಕಟ್ಟಿ ಕೂರುವುದಲ್ಲ. ಆ ರಾತ್ರಿಯೇ ನಿಮ್ಮ ಫೈಲ್‌ಗಳನ್ನು ಬೇರೊಂದು ಕಡೆ ಕಾಪಿ ಮಾಡಿ ಇಡಿ. ಮೂಲ ಫೈಲ್ ತೆರೆದು ತಿದ್ದಬೇಡಿ.

ಹೆಜ್ಜೆ 2: ಅದು ನಿಜವಾಗಿ ಕಾಪಿಯೇ?

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಅರ್ಧಕ್ಕರ್ಧ ಜಗಳ ಹಾದಿ ತಪ್ಪುವುದು ಇಲ್ಲೇ.

ಪದಕ್ಕೆ ಪದ ಎತ್ತಿದ್ದು ಎಲ್ಲರ ಕಣ್ಣಿಗೂ ಕಾಣುತ್ತದೆ. ವಾಕ್ಯದ ಹಿಂದುಮುಂದು ಮಾಡಿ, ಅಲ್ಲೊಂದು ಇಲ್ಲೊಂದು ಪದ ಬದಲಿಸಿ ತೇಪೆ ಹಾಕಿದ್ದು ಅಷ್ಟು ಸುಲಭವಾಗಿ ಕಾಣುವುದಿಲ್ಲ. ಆದರೆ ಅದೂ ಕೃತಿಚೌರ್ಯವೇ. ನಿಮ್ಮ ವಾದದ ಓಟ, ನೀವು ಆರಿಸಿದ ಉದಾಹರಣೆಗಳು, ಅವುಗಳ ಕ್ರಮ, ನೀವು ಕೂತು ಮಾಡಿದ ಸರ್ವೆಯ ಅಂಕಿಗಳು, ನಿಮ್ಮ ಕೋಡ್, ನಿಮ್ಮ ಗ್ರಾಫ್ ಇವನ್ನು ಹೆಸರು ಹೇಳದೆ ತೆಗೆದುಕೊಂಡರೂ ಅಷ್ಟೇ. ಬೇರೆಯವರಿಗೆ ದುಡ್ಡು ಕೊಟ್ಟು ಬರೆಸಿದ್ದೂ ಇದೇ ಸಾಲಿಗೆ ಬರುತ್ತದೆ.

ಈಗ ಇನ್ನೊಂದು ಕಡೆ ನೋಡಿ. ಇಬ್ಬರೂ ಒಂದೇ ಪಠ್ಯಪುಸ್ತಕ ಓದಿದ್ದರೆ ವ್ಯಾಖ್ಯೆಗಳು ಒಂದೇ ಥರ ಬರುತ್ತವೆ. ಒಂದೇ ಪ್ರಯೋಗ ಮಾಡಿದವರ ಲ್ಯಾಬ್ ರೆಕಾರ್ಡಿನಲ್ಲಿ ವಿಧಾನದ ಭಾಗ ಹೆಚ್ಚುಕಡಿಮೆ ಒಂದೇ ಇರುತ್ತದೆ. ಲೆಕ್ಚರರ್ ಬೋರ್ಡಿನ ಮೇಲೆ ಬರೆಸಿದ ನಾಲ್ಕು ಪಾಯಿಂಟ್ ಅರವತ್ತು ಜನರ ಉತ್ತರದಲ್ಲೂ ಇರುತ್ತದೆ. ಇದ್ಯಾವುದೂ ನಿಮ್ಮಿಂದ ಕದ್ದದ್ದಲ್ಲ. ಅನುಮಾನ ಬಂದ ಒಂದು ವಾಕ್ಯವನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ ಗೂಗಲ್‌ನಲ್ಲಿ ಹುಡುಕಿ. ಎಲ್ಲೋ ಒಂದು ವೆಬ್‌ಸೈಟಿನಲ್ಲಿ ಅದು ಹಾಗೇ ಸಿಕ್ಕರೆ ಅವರು ಅಲ್ಲಿಂದ ಎತ್ತಿರಬಹುದು. ಅಷ್ಟೇ ಅಲ್ಲ, ನೀವೂ ಅಲ್ಲಿಂದಲೇ ತಂದು ಮರೆತಿರಬಹುದು. ಆ ಸಾಧ್ಯತೆಯನ್ನು ಮೊದಲು ನಿಮ್ಮೊಳಗೇ ಕೇಳಿಕೊಳ್ಳಿ, ಬೇರೆಯವರು ಕೇಳುವ ಮುಂಚೆ.

ಹೋಲಿಕೆಗಿಂತ ಗಟ್ಟಿಯಾದ ಗುರುತು ಇನ್ನೊಂದಿದೆ. ಅದು ಇಬ್ಬರಲ್ಲೂ ಇರುವ ಒಂದೇ ತಪ್ಪು. ಸರಿ ಉತ್ತರ ಎಲ್ಲರಿಗೂ ಒಂದೇ. ತಪ್ಪು ಮಾತ್ರ ಒಬ್ಬೊಬ್ಬರದು ಒಂದೊಂದು ಥರ. ಇಲ್ಲದ ಚಿತ್ರ 4, ಒಂದೇ ಕಡೆ ಬಿದ್ದ ಕಾಗುಣಿತದ ತಪ್ಪು, ಕೋಡಿನಲ್ಲಿ ಎಲ್ಲೂ ಬಳಸದೆ ಬಿಟ್ಟ ಒಂದು ವೇರಿಯಬಲ್, ಕೋಷ್ಟಕದಲ್ಲಿ ಕೂಡಿಸುವಾಗ ತಪ್ಪಿದ ಒಂದು ಮೊತ್ತ. ನಕಾಶೆ ಮಾಡುವವರು ಈ ಉಪಾಯವನ್ನು ಬೇಕಂತಲೇ ಬಳಸುತ್ತಿದ್ದರು. ಅಮೆರಿಕದ ಜನರಲ್ ಡ್ರಾಫ್ಟಿಂಗ್ ಎಂಬ ಕಂಪನಿ 1930ರ ದಶಕದಲ್ಲಿ ನ್ಯೂಯಾರ್ಕ್ ರಾಜ್ಯದ ನಕಾಶೆಯಲ್ಲಿ ‘ಅಗ್ಲೋ’ ಎಂಬ ಇಲ್ಲದ ಊರೊಂದನ್ನು ಸೇರಿಸಿತ್ತು. ಬೇರೆಯವರ ನಕಾಶೆಯಲ್ಲಿ ಆ ಊರು ಕಂಡರೆ ಕಾಪಿ ಹೊಡೆದರು ಅಂತ ಗೊತ್ತಾಗುತ್ತದಲ್ವಾ? ಮುಂದೆ ರ್‍ಯಾಂಡ್ ಮ್ಯಾಕ್‌ನ್ಯಾಲಿ ಎಂಬ ಕಂಪನಿಯ ನಕಾಶೆಯಲ್ಲಿ ಅಗ್ಲೋ ಕಂಡೇಬಿಟ್ಟಿತು. ಸಿಕ್ಕಿಬಿದ್ದರು ಅಂದುಕೊಂಡರೆ, ಆ ಜಾಗದಲ್ಲಿ ನಿಜಕ್ಕೂ ‘ಅಗ್ಲೋ ಜನರಲ್ ಸ್ಟೋರ್’ ಅಂತ ಅಂಗಡಿ ಎದ್ದಿತ್ತು. ಅಂಗಡಿಯವರು ಹಳೆಯ ನಕಾಶೆ ನೋಡಿಯೇ ಆ ಹೆಸರಿಟ್ಟಿದ್ದರು!

ಅದಕ್ಕೇ ಹೇಳುವುದು, ಒಂದೇ ಒಂದು ಗುರುತನ್ನು ನಂಬಿ ಕೂರಬೇಡಿ. ಒಂದೇ ತಪ್ಪು ಇಬ್ಬರಲ್ಲೂ ಇದ್ದರೂ ನೀವು ಊಹಿಸದ ದಾರಿಯೊಂದು ಇರಬಹುದು. ಇಬ್ಬರೂ ಒಬ್ಬ ಸೀನಿಯರ್ ಕೊಟ್ಟ ಹಳೆಯ ನೋಟ್ಸ್ ಓದಿರಬಹುದು. ಜೊತೆಗೆ, ಒಂದೇ ತಪ್ಪು ಇದೆ ಅನ್ನುವುದರಿಂದ ಕಾಪಿ ಆಗಿರಬಹುದು ಅಂತ ಗೊತ್ತಾಗುತ್ತದೆ, ಯಾರು ಯಾರದ್ದನ್ನು ಕಾಪಿ ಮಾಡಿದರು ಅಂತ ಗೊತ್ತಾಗುವುದಿಲ್ಲ. ನಾನು ಸಿಕ್ಕಿಕೊಂಡದ್ದು ಅಲ್ಲಿಯೇ.

ಸಾಫ್ಟ್‌ವೇರ್ ಹೇಳುವ ಶೇಕಡಾವಾರಿನ ಬಗ್ಗೆ ಎರಡು ಮಾತು. ಬರಹಗಳ ನಡುವಿನ ಹೋಲಿಕೆ ಹುಡುಕುವ ಟರ್ನಿಟಿನ್ ಎಂಬ ಸಾಫ್ಟ್‌ವೇರ್ 1998ರಿಂದ ಇದೆ. ಅದು ಕೊಡುವುದು ಹೋಲಿಕೆಯ ಲೆಕ್ಕ, ಕಳ್ಳತನದ ಲೆಕ್ಕ ಅಲ್ಲ. ಸರಿಯಾಗಿ ಹೆಸರು ಹೇಳಿ ಉದ್ಧರಿಸಿದ ಸಾಲುಗಳೂ ಆಕರಗಳ ಪಟ್ಟಿಯೂ ಸೇರಿ ಶೇಕಡಾ 25 ಆಗಬಹುದು. ಶೇಕಡಾ 6 ಬಂದಿದ್ದರೂ ಆ ಆರು ಒಂದೇ ಕಡೆಯಿಂದ ಎತ್ತಿದ ಮುಖ್ಯ ಪ್ಯಾರಾ ಆಗಿರಬಹುದು. ಹಾಗಾಗಿ ಸಂಖ್ಯೆ ನೋಡಿ ಬಿಡಬೇಡಿ, ಬಣ್ಣ ಹಚ್ಚಿದ ಸಾಲುಗಳನ್ನು ಓದಿ. ಕೋಡಿಗೆ ‘ಮಾಸ್’ ಎಂಬ ಸಾಧನವಿದೆ, 1994ರಲ್ಲಿ ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಅಲೆಕ್ಸ್ ಏಕೆನ್ ಮಾಡಿದ್ದು. ವೇರಿಯಬಲ್ ಹೆಸರು ಬದಲಿಸಿದರೆ, ನಡುನಡುವೆ ಖಾಲಿ ಸಾಲು ಸೇರಿಸಿದರೆ ಅದು ಮೋಸ ಹೋಗುವುದಿಲ್ಲ. ಆದರೆ ಅದರ ಫಲಿತಾಂಶವನ್ನೂ ಮನುಷ್ಯರೇ ಕೂತು ಓದಬೇಕು.

‘ಇದು ಎಐ ಬರೆದದ್ದು’ ಅಂತ ಹೇಳುವ ಉಚಿತ ವೆಬ್‌ಸೈಟುಗಳನ್ನಂತೂ ದೂರ ಇಡಿ. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿಯೇ ಇಂಥದ್ದೊಂದು ಸಾಧನ ಬಿಟ್ಟು, ನಿಖರತೆ ಸಾಲದು ಅಂತ 2023ರ ಜುಲೈನಲ್ಲಿ ವಾಪಸ್ ತೆಗೆದುಕೊಂಡಿತು. ಅದೇ ವರ್ಷ ಸ್ಟ್ಯಾನ್‌ಫರ್ಡ್ ಸಂಶೋಧಕರು ಇಂಗ್ಲಿಷ್ ತಾಯಿನುಡಿಯಲ್ಲದವರು ಟೋಫೆಲ್ ಪರೀಕ್ಷೆಗೆ ಬರೆದ 91 ಪ್ರಬಂಧಗಳನ್ನು ಏಳು ಸಾಧನಗಳಿಗೆ ಕೊಟ್ಟು ನೋಡಿದರು. ಮನುಷ್ಯರೇ ಬರೆದ ಆ ಪ್ರಬಂಧಗಳಲ್ಲಿ ಸರಾಸರಿ ಅರ್ಧಕ್ಕಿಂತ ಜಾಸ್ತಿಯವನ್ನು ಅವು ಯಂತ್ರದ್ದು ಅಂದುಬಿಟ್ಟವು. ಸರಳ ಇಂಗ್ಲಿಷಿನಲ್ಲಿ ಬರೆದದ್ದೇ ತಪ್ಪಾಯಿತು ನೋಡಿ. ಇಂಥ ಒಂದು ಸ್ಕ್ರೀನ್‌ಶಾಟ್ ನಂಬಿ ಸಹಪಾಠಿಯ ಮೇಲೆ ದೂರು ಕೊಡುವುದು ಅನ್ಯಾಯ. ಇನ್ನೊಂದು ವಿಷಯ. ನಿಮ್ಮ ವರದಿಯನ್ನಾಗಲಿ ಅವರದ್ದನ್ನಾಗಲಿ ಗೊತ್ತಿಲ್ಲದ ಸೈಟುಗಳಿಗೆ ಅಪ್‌ಲೋಡ್ ಮಾಡಬೇಡಿ. ಆ ಫೈಲ್ ಅಲ್ಲೇ ಉಳಿದು ಎಲ್ಲಿಗೆ ಹೋಗುತ್ತದೋ ಹೇಳಲಾಗದು.

ಹೆಜ್ಜೆ 3: ಸಾಕ್ಷಿ ಜೋಡಿಸಿ

ಎರಡು ಥರದ ಸಾಕ್ಷಿ ಬೇಕು. ಇದು ನಿಮ್ಮದು ಎಂಬುದಕ್ಕೆ ಒಂದು, ಅಲ್ಲಿ ಬಂದಿದೆ ಎಂಬುದಕ್ಕೆ ಇನ್ನೊಂದು. ಹೆಚ್ಚಿನವರು ಎರಡನೆಯದನ್ನು ಮಾತ್ರ ತರುತ್ತಾರೆ.

ಗೂಗಲ್ ಡಾಕ್ಸ್‌ನಲ್ಲಿ ಬರೆದಿದ್ದರೆ ನೀವು ಅದೃಷ್ಟವಂತರು. ಫೈಲ್ ಮೆನುವಿನೊಳಗೆ ವರ್ಷನ್ ಹಿಸ್ಟರಿ ಇದೆ. ಯಾವ ದಿನ, ಎಷ್ಟು ಗಂಟೆಗೆ ಯಾವ ಪ್ಯಾರಾ ಹುಟ್ಟಿತು, ಯಾವುದನ್ನು ಅಳಿಸಿದಿರಿ, ಎಲ್ಲವೂ ಅಲ್ಲಿ ಕಾಣುತ್ತದೆ. ಚಿತ್ರ 4 ಅಳಿಸಿದ ಕ್ಷಣವೂ ಅಲ್ಲಿ ಕಂಡಿರುತ್ತಿತ್ತು, ನಾನು ಅದರಲ್ಲಿ ಬರೆದಿದ್ದರೆ! ಆದರೆ ‘ಮೇಕ್ ಎ ಕಾಪಿ’ ಒತ್ತಿ ಹೊಸ ಫೈಲ್ ಮಾಡಿಕೊಂಡರೆ ಆ ಇತಿಹಾಸ ಹೊಸದಕ್ಕೆ ಬರುವುದಿಲ್ಲ. ಹಳೆಯ ಫೈಲನ್ನು ಹಾಗೇ ಇಟ್ಟುಕೊಳ್ಳಿ. ವರ್ಡ್ ಫೈಲ್ ಆಗಿ ಒನ್‌ಡ್ರೈವ್‌ನಲ್ಲಿ ಇಟ್ಟಿದ್ದರೆ ಅಲ್ಲೂ ಹಳೆಯ ಆವೃತ್ತಿಗಳು ಸಿಗುತ್ತವೆ.

ಫೈಲಿನ ‘ಕ್ರಿಯೇಟೆಡ್’ ದಿನಾಂಕವನ್ನು ನೆಚ್ಚಿಕೊಳ್ಳಬೇಡಿ. ಪೆನ್‌ಡ್ರೈವಿಗೆ ಹಾಕಿ ತೆಗೆದರೂ ಅದು ಬದಲಾಗಬಹುದು. ಬರೆದವರ ಹೆಸರು ಮಾತ್ರ ವರ್ಡ್ ಫೈಲಿನ ಪ್ರಾಪರ್ಟೀಸ್ ಒಳಗೆ ಹಾಗೇ ಕೂತಿರುವುದುಂಟು. ನಿಮ್ಮ ಫೈಲನ್ನೇ ತೆರೆದು ಮುಖಪುಟ ಬದಲಿಸಿ ಸಲ್ಲಿಸಿದ್ದರೆ ಅಲ್ಲಿ ನಿಮ್ಮ ಹೆಸರೇ ಇರಬಹುದು. ಅದನ್ನು ನೋಡುವುದು ಲೆಕ್ಚರರ್ ಕೆಲಸ. ದೂರಿನಲ್ಲಿ ‘ಫೈಲ್ ಪ್ರಾಪರ್ಟೀಸ್ ನೋಡಿ’ ಅಂತ ಒಂದು ಸಾಲು ಸೇರಿಸಿದರೆ ಸಾಕು.

ಕೋಡ್ ಆಗಿದ್ದರೆ ಗಿಟ್ ಲಾಗ್ ಇದೆ, ಅಂದರೆ ಕೋಡಿನಲ್ಲಿ ಉಳಿಸಿದ ಬದಲಾವಣೆಗಳ ದಾಖಲೆ. ಅದರಲ್ಲಿನ ಕಮಿಟ್ (ಬದಲಾವಣೆ ಉಳಿಸಿದ) ದಿನಾಂಕವನ್ನು ಬೇಕಾದ ಹಾಗೆ ತಿದ್ದಬಹುದು ಎಂಬುದು ಗೊತ್ತಿದ್ದವರಿಗೆ ಗೊತ್ತು. ಆದ್ದರಿಂದ ಗಿಟ್‌ಹಬ್‌ನಂಥ ಆನ್‌ಲೈನ್ ತಾಣಕ್ಕೆ ಆಗಾಗ ಪುಶ್ ಮಾಡಿದ್ದರೆ, ಅಂದರೆ ಕಳಿಸಿಟ್ಟಿದ್ದರೆ, ಅದಕ್ಕೆ ಬೆಲೆ ಜಾಸ್ತಿ. ಕೈಬರಹದ ಕರಡು, ಪುಸ್ತಕದ ಅಂಚಿನಲ್ಲಿ ಗೀಚಿದ ಲೆಕ್ಕ, ಗೈಡ್‌ಗೆ ಕಳಿಸಿದ ಹಳೆಯ ಮೇಲ್, ಗೆಳತಿಗೆ ‘ಎರಡನೇ ಭಾಗ ಮುಗೀತು ಕಣೇ’ ಅಂತ ಕಳಿಸಿದ ಮೆಸೇಜ್, ಎಲ್ಲವೂ ಲೆಕ್ಕಕ್ಕೆ ಬರುತ್ತದೆ. ಫೈಲನ್ನು ಅವರಿಗೆ ಕಳಿಸಿದ ಚಾಟ್ ಇದ್ದರೆ ಅದನ್ನು ಅಳಿಸಬೇಡಿ. ನಿಮಗೂ ಅದು ಮುಜುಗರದ್ದೇ. ಆದರೂ ಫೈಲ್ ಯಾವ ಕಡೆಯಿಂದ ಯಾವ ಕಡೆಗೆ ಹೋಯಿತು ಅಂತ ಹೇಳುವುದು ಅದೇ.

ಇನ್ನು ಹೋಲಿಕೆ ತೋರಿಸುವ ಪಟ್ಟಿ. 2011ರಲ್ಲಿ ಜರ್ಮನಿಯ ರಕ್ಷಣಾ ಸಚಿವ ಕಾರ್ಲ್-ಥಿಯೋಡೋರ್ ಟ್ಸು ಗುಟೆನ್‌ಬೆರ್ಗ್ ಅವರ ಡಾಕ್ಟರೇಟ್ ಪ್ರಬಂಧದಲ್ಲಿ ಕಾಪಿ ಇದೆ ಅಂತ ಸುದ್ದಿಯಾಯಿತು. ಆಗ ‘ಗುಟೆನ್‌ಪ್ಲಾಗ್’ ಎಂಬ ವಿಕಿಯಲ್ಲಿ (ಹಲವರು ಸೇರಿ ಬರೆಯುವ ವೆಬ್‌ಸೈಟಿನಲ್ಲಿ) ನೂರಾರು ಜನ ಸೇರಿ ಪುಟ ಪುಟ ಜಾಲಾಡಿದರು. ಅವರು ಹಾಕಿದ್ದು ಬೈಗುಳ ಅಲ್ಲ. ಈ ಕಡೆ ಪ್ರಬಂಧದ ಪುಟ ಮತ್ತು ಸಾಲು, ಆ ಕಡೆ ಮೂಲದ ಪುಟ ಮತ್ತು ಸಾಲು. ಕೆಲವೇ ದಿನಗಳಲ್ಲಿ ವಿಶ್ವವಿದ್ಯಾಲಯ ಪದವಿ ಹಿಂತೆಗೆದುಕೊಂಡಿತು, ಮಾರ್ಚ್ 1ರಂದು ಸಚಿವರು ರಾಜೀನಾಮೆ ಕೊಟ್ಟರು. ನೀವೂ ಅದೇ ಪದ್ಧತಿ ಹಿಡಿಯಿರಿ. ಎರಡು ಕಾಲಂ ಎಳೆಯಿರಿ. ಎಡಗಡೆ ನಿಮ್ಮ ಸಾಲು, ಬಲಗಡೆ ಅವರದ್ದು. ಒಂದೇ ಇರುವ ಪದಗಳಿಗೆ ಒಂದೇ ಬಣ್ಣ. ಪಕ್ಕದಲ್ಲಿ ಪುಟ ಸಂಖ್ಯೆ. ಮೂವತ್ತು ಸಡಿಲ ಉದಾಹರಣೆಗಿಂತ ಮೂರು ಗಟ್ಟಿ ಉದಾಹರಣೆ ಸಾಕು. ಸಡಿಲವಾದವನ್ನು ಸೇರಿಸಿದರೆ ಎದುರಿನವರು ಅವುಗಳನ್ನೇ ಹಿಡಿದು ಎಳೆಯುತ್ತಾರೆ, ಗಟ್ಟಿಯಾದವೂ ಜೊತೆಗೆ ಉದುರುತ್ತವೆ.

ಅವರ ಲ್ಯಾಪ್‌ಟಾಪ್ ತೆರೆದು ನೋಡುವುದು, ಪಾಸ್‌ವರ್ಡ್ ಗೊತ್ತಿದೆ ಅಂತ ಲಾಗಿನ್ ಆಗುವುದು, ಬ್ಯಾಗಿನಿಂದ ರೆಕಾರ್ಡ್ ಎತ್ತಿ ಫೋಟೋ ಹೊಡೆಯುವುದು ಬೇಡವೇ ಬೇಡ. ಅವರ ಪ್ರತಿ ನಿಮ್ಮ ಕೈಯಲ್ಲಿ ಇಲ್ಲದಿದ್ದರೆ ಹಾಗಂತಲೇ ಬರೆಯಿರಿ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವ ಅಧಿಕಾರ ಲೆಕ್ಚರರ್‌ಗೆ ಇದೆ.

ಹೆಜ್ಜೆ 4: ನಿಯಮ ಓದಿ, ನಿಮ್ಮ ಪಾಲೂ ನೋಡಿ

ಕಾಲೇಜಿನ ಕೈಪಿಡಿ ಅಥವಾ ವೆಬ್‌ಸೈಟಿನಲ್ಲಿ ಇದರ ನಿಯಮ ಇರುತ್ತದೆ. ಯಾರೂ ಓದಿರುವುದಿಲ್ಲ, ಅಷ್ಟೇ. ಅದರಲ್ಲಿ ಮೂರು ವಿಷಯ ಹುಡುಕಿ. ದೂರು ಯಾರಿಗೆ ಕೊಡಬೇಕು, ಎಷ್ಟು ದಿನದೊಳಗೆ ಕೊಡಬೇಕು, ಫೈಲ್ ಕೊಟ್ಟವರಿಗೂ ಶಿಕ್ಷೆ ಇದೆಯೇ.

ಮೂರನೆಯದು ಮುಖ್ಯ. ಕಾಪಿ ಮಾಡಿದವರಷ್ಟೇ ಕೊಟ್ಟವರೂ ತಪ್ಪಿತಸ್ಥರು ಅನ್ನುವ ನಿಯಮ ಬಹಳ ಕಡೆ ಇದೆ. ನೀವು ಗೊತ್ತಿದ್ದೇ ಫೈಲ್ ಕೊಟ್ಟಿದ್ದರೆ ಅದನ್ನು ಮುಚ್ಚಿಡಬೇಡಿ. ಮೊದಲೇ ಹೇಳಿದವರ ಮಾತಿಗೂ ಆಮೇಲೆ ಚಾಟ್ ತೋರಿಸಿದಾಗ ಒಪ್ಪಿಕೊಂಡವರ ಮಾತಿಗೂ ಅಜಗಜಾಂತರ.

ಕೆಲವು ಕಡೆ ನೋಡಿಯೂ ಸುಮ್ಮನಿರುವುದೇ ತಪ್ಪು. ಅಮೆರಿಕದ ವೆಸ್ಟ್ ಪಾಯಿಂಟ್ ಸೈನಿಕ ಅಕಾಡೆಮಿಯ ಗೌರವ ಸಂಹಿತೆಯಲ್ಲಿ ಸುಳ್ಳು ಹೇಳಬಾರದು, ಮೋಸ ಮಾಡಬಾರದು, ಕದಿಯಬಾರದು ಎಂಬುದರ ಜೊತೆಗೆ ಹಾಗೆ ಮಾಡುವವರನ್ನು ಸಹಿಸಬಾರದು ಅಂತಲೂ ಇದೆ. ಅಲ್ಲಿನ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲೂ 1893ರಿಂದ ಪರೀಕ್ಷೆಗಳಿಗೆ ಗೌರವ ಸಂಹಿತೆ ಇದೆ. ಭಾರತದಲ್ಲಿ ಯುಜಿಸಿಯ (ವಿಶ್ವವಿದ್ಯಾಲಯ ಧನಸಹಾಯ ಆಯೋಗದ) 2018ರ ನಿಯಮಾವಳಿ ಸಂಶೋಧನಾ ಪ್ರಬಂಧಗಳಲ್ಲಿನ ಹೋಲಿಕೆಯನ್ನು ಹಂತ ಹಂತವಾಗಿ ನೋಡುತ್ತದೆ. ಶೇಕಡಾ 10ರವರೆಗೆ ದಂಡನೆ ಇಲ್ಲ, 60 ದಾಟಿದರೆ ನೋಂದಣಿಯೇ ರದ್ದು. ಒಂದು ಕಡೆಯ ನಿಯಮ ಇನ್ನೊಂದು ಕಡೆ ನಡೆಯುವುದಿಲ್ಲ. ಗೆಳೆಯರು ‘ಶೇಕಡಾ 30ರವರೆಗೆ ಏನೂ ಆಗಲ್ಲ ಕಣೋ’ ಅಂದದ್ದನ್ನು ನಂಬಬೇಡಿ, ಬರೆದಿಟ್ಟದ್ದನ್ನು ಓದಿ.

ಹೆಜ್ಜೆ 5: ನೇರ ಮಾತಾಡಬೇಕೇ, ಬೇಡವೇ?

ಇನ್ನೂ ಸಲ್ಲಿಸಿಲ್ಲ, ಸಣ್ಣ ಅಸೈನ್‌ಮೆಂಟ್, ಎದುರಿಗಿರುವುದು ಸ್ನೇಹಿತರು ಅಂತಾದರೆ ಮೊದಲು ಮಾತಾಡಿ. ತಿದ್ದಿಕೊಳ್ಳಲು ಅವರಿಗೆ ಇನ್ನೂ ಸಮಯ ಇದೆ. ಸಲ್ಲಿಸಿ ಆಗಿದೆ, ಅದು ಫೈನಲ್ ಪ್ರಾಜೆಕ್ಟ್, ಅಥವಾ ಆ ವ್ಯಕ್ತಿಯನ್ನು ಕಂಡರೆ ನಿಮಗೆ ಹೆದರಿಕೆ ಅಂತಾದರೆ ನೇರ ಮಾತು ಬೇಕಿಲ್ಲ. ಸೀದಾ ಮುಂದಿನ ಹೆಜ್ಜೆಗೆ ಹೋಗಿ. ‘ಮೊದಲು ನನ್ನ ಹತ್ತಿರ ಹೇಳಬಹುದಿತ್ತು’ ಅಂತ ಆಮೇಲೆ ಯಾರಾದರೂ ಅಂದರೆ ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಮಾತಾಡುವುದಾದರೆ ಇಬ್ಬರೇ ಇರುವಾಗ. ಮೂರನೆಯವರು ಬಂದರೆ ಅದು ಪಂಚಾಯಿತಿ ಆಗುತ್ತದೆ. ಆರೋಪದಿಂದ ಶುರು ಮಾಡಬೇಡಿ, ಕಂಡದ್ದರಿಂದ ಶುರು ಮಾಡಿ. ಹೀಗೆ:

‘ನಿನ್ನ ರಿಪೋರ್ಟಿನ ಮೂರನೇ ಭಾಗ ನೋಡ್ದೆ ಕಣೋ. ನಾನು ಬರೆದ ಸಾಲುಗಳು ಹಾಗೇ ಇವೆ. ಏನಾಯ್ತು?’

ಇಷ್ಟು ಹೇಳಿ ಬಾಯಿ ಮುಚ್ಚಿಕೊಳ್ಳಿ. ಕಷ್ಟದ ಕೆಲಸ ಇದೇ. ಮೌನ ತಡೆಯಲಾರದೆ ನಾವೇ ಅವರ ಪರವಾಗಿ ನೆಪ ಹುಡುಕಿಕೊಡುತ್ತೇವೆ, ‘ಟೈಮ್ ಇರಲಿಲ್ಲ ಅನ್ಸುತ್ತೆ ಅಲ್ವಾ’ ಅಂತ. ಹಾಗೆ ಮಾಡಬೇಡಿ. ಅವರು ಹೇಳಲಿ.

ಉತ್ತರ ಸಾಮಾನ್ಯವಾಗಿ ಈ ಥರ ಇರುತ್ತದೆ. ‘ಎಲ್ಲರೂ ಮಾಡ್ತಾರೆ ಬಿಡು.’ ಅದಕ್ಕೆ, ‘ಎಲ್ಲರ ವಿಷಯ ನಂಗೆ ಬೇಡ, ಇದು ನನ್ನ ರಿಪೋರ್ಟು’ ಅನ್ನಿ. ‘ಬರೀ ಐಡಿಯಾ ತಗೊಂಡೆ’ ಅಂದರೆ ಎರಡು ಪ್ಯಾರಾ ಪಕ್ಕಪಕ್ಕ ಇಟ್ಟು ತೋರಿಸಿ. ಅತ್ತರೆ ನೀರು ಕೊಡಿ, ಸ್ವಲ್ಪ ಹೊತ್ತು ಕೂತಿರಿ, ಆದರೆ ನಿಮ್ಮ ಮಾತು ಬದಲಿಸಬೇಡಿ. ಮನೆಯಲ್ಲಿ ಕಷ್ಟ ಇದೆ, ತಲೆ ಕೆಲಸ ಮಾಡುತ್ತಿಲ್ಲ ಅಂದರೆ ಅದು ನಿಜವೂ ಇರಬಹುದು. ಗಡುವು ಮುಂದೂಡಲು ಲೆಕ್ಚರರ್ ಹತ್ತಿರ ಕೇಳು, ಬೇಕಿದ್ದರೆ ನಾನೂ ಜೊತೆಗೆ ಬರುತ್ತೇನೆ ಅನ್ನಿ.

ಕೊನೆಗೆ ಏನು ಬೇಕು ಎಂಬುದನ್ನು ಸ್ಪಷ್ಟವಾಗಿ ಹೇಳಿ: ‘ನಾಳೆ ಸಂಜೆಯೊಳಗೆ ಆ ಭಾಗ ತೆಗೆದು ನೀನೇ ಬರಿ. ಆಗಲ್ಲ ಅಂದ್ರೆ ನಾನು ಮೇಡಂಗೆ ಹೇಳ್ಬೇಕಾಗುತ್ತೆ.’ ದೂರು ಕೊಡದಿರುವುದಕ್ಕೆ ಪ್ರತಿಯಾಗಿ ಏನನ್ನೂ ಕೇಳಬೇಡಿ. ದುಡ್ಡು ಬೇಡ, ಮುಂದಿನ ಸೆಮಿಸ್ಟರ್‌ನ ಲ್ಯಾಬ್ ರೆಕಾರ್ಡ್ ಬರೆದುಕೊಡು ಅನ್ನುವ ತಮಾಷೆಯೂ ಬೇಡ. ಹಾಗೆ ಕೇಳಿದ ಕ್ಷಣ ಅದು ಬ್ಲ್ಯಾಕ್‌ಮೇಲ್ ಆಗುತ್ತದೆ, ತಪ್ಪಿತಸ್ಥರ ಜಾಗಕ್ಕೆ ನೀವು ಬಂದು ನಿಲ್ಲುತ್ತೀರಿ. ಮಾತು ಮುಗಿದ ಮೇಲೆ ಏನು ಮಾತಾಯಿತು ಅಂತ ಒಂದು ಚಿಕ್ಕ ಮೆಸೇಜ್ ಕಳಿಸಿಡಿ.

ಹೆಜ್ಜೆ 6: ದೂರು ಕೊಡುವುದು

ಮೊದಲು ಆ ವಿಷಯದ ಲೆಕ್ಚರರ್ ಹತ್ತಿರ ಹೋಗಿ. ಅವರನ್ನು ದಾಟಿ ಸೀದಾ ಪ್ರಿನ್ಸಿಪಾಲರ ಬಾಗಿಲು ತಟ್ಟಿದರೆ ಫೈಲ್ ಸುತ್ತಿ ಬಳಸಿ ಮತ್ತೆ ಅವರ ಮೇಜಿಗೇ ಬರುತ್ತದೆ, ಅಷ್ಟರಲ್ಲಿ ಅವರಿಗೂ ಬೇಜಾರಾಗಿರುತ್ತದೆ. ಬಾಯಲ್ಲಿ ಹೇಳಿದರೂ ಬರಹದಲ್ಲಿ ಕೊಡಿ. ಅರ್ಧ ಪುಟ ಸಾಕು. ಹೀಗಿರಲಿ:

‘ಮಾನ್ಯರೇ, ಕಳೆದ ವಾರ ಸಲ್ಲಿಸಿದ ನನ್ನ ವರದಿಯ ಮೂರನೇ ಭಾಗಕ್ಕೂ ನನ್ನ ಒಬ್ಬ ಸಹಪಾಠಿಯ ವರದಿಯ ಎರಡನೇ ಭಾಗಕ್ಕೂ ಹೆಚ್ಚಿನ ಹೋಲಿಕೆ ಕಂಡಿದೆ. ಮೂರು ಉದಾಹರಣೆಗಳನ್ನು ಪುಟ ಸಂಖ್ಯೆಯೊಂದಿಗೆ ಲಗತ್ತಿಸಿದ್ದೇನೆ. ನನ್ನ ಕರಡುಗಳ ಇತಿಹಾಸವನ್ನೂ ಲಗತ್ತಿಸಿದ್ದೇನೆ. ಸಲ್ಲಿಸುವ ನಾಲ್ಕು ದಿನ ಮೊದಲು ಓದಿ ಅಭಿಪ್ರಾಯ ಹೇಳಲೆಂದು ನಾನೇ ಫೈಲ್ ಕಳಿಸಿದ್ದೆ, ಆ ಮೆಸೇಜ್ ಕೂಡ ಇದೆ. ದಯವಿಟ್ಟು ಎರಡೂ ವರದಿಗಳನ್ನು ಪರಿಶೀಲಿಸಿ. ಬೇಕಿದ್ದರೆ ನನ್ನ ವರದಿಯ ಬಗ್ಗೆ ಯಾವಾಗ ಬೇಕಾದರೂ ವೈವಾಕ್ಕೆ (ಮೌಖಿಕ ಪರೀಕ್ಷೆಗೆ) ಬರುತ್ತೇನೆ.’

ಈ ಪತ್ರದಲ್ಲಿ ‘ಕದ್ದರು’ ಎಂಬ ಪದ ಇಲ್ಲ ನೋಡಿ. ‘ಹೋಲಿಕೆ ಕಂಡಿದೆ’ ಅಷ್ಟೇ. ಪದವನ್ನು ಅವರು ಆರಿಸಲಿ. ಸಹಪಾಠಿ ಯಾರು ಎಂಬುದನ್ನು ಲಗತ್ತಿನಲ್ಲಿ ಹೆಸರು, ರೋಲ್ ನಂಬರ್ ಸಮೇತ ಕೊಡಿ. ಅವರು ಹಿಂದೆಯೂ ಹೀಗೆ ಮಾಡಿದ್ದರಂತೆ ಅನ್ನುವ ‘ಅಂತೆ’ಗಳನ್ನು ಸೇರಿಸಬೇಡಿ.

ವೈವಾ ಮಾತು ಸುಮ್ನೆ ಸೇರಿಸಿದ್ದಲ್ಲ. ಯಾರು ಬರೆದರು ಅಂತ ಹತ್ತು ನಿಮಿಷದಲ್ಲಿ ತಿಳಿಯುವ ದಾರಿ ಅದು. ಈ ಉದಾಹರಣೆಯನ್ನೇ ಯಾಕೆ ಆರಿಸಿದೆ, ಈ ಲೂಪ್ ಇಲ್ಲಿ ಯಾಕೆ ಬಂತು, ಈ ಅಂಕಿ ಎಲ್ಲಿಂದ ಬಂತು ಅಂದರೆ ಬರೆದವರು ತಡವರಿಸುತ್ತಲೇ ಆದರೂ ಹೇಳುತ್ತಾರೆ. ಬರೆಯದವರು ಬಾಯಿಪಾಠ ಒಪ್ಪಿಸುತ್ತಾರೆ. ಹೋಗುವ ಮೊದಲು ನಿಮ್ಮ ವರದಿಯನ್ನು ನೀವೇ ಒಂದು ಸಲ ಓದಿಕೊಳ್ಳಿ. ತಿಂಗಳ ಹಿಂದೆ ಬರೆದದ್ದು ನಮಗೇ ಮರೆತಿರುತ್ತದೆ.

ಹೆಸರು ಗುಟ್ಟಾಗಿಡಿ ಅಂತ ಕೇಳಬಹುದು. ಆದರೆ ಕಾಪಿಯಾಗಿದ್ದು ನಿಮ್ಮ ವರದಿಯೇ ಆಗಿದ್ದರೆ ಗುಟ್ಟು ಉಳಿಯುವುದಿಲ್ಲ. ಅದಕ್ಕೆ ಸಿದ್ಧರಾಗಿಯೇ ಹೋಗಿ. ಬೇರೆ ಇಬ್ಬರ ನಡುವಿನ ಕಾಪಿಯನ್ನು ನೀವು ನೋಡಿದ್ದರೆ ಮಾತ್ರ ಹೆಸರು ಬೇಡ ಅನ್ನುವುದಕ್ಕೆ ಅರ್ಥವಿದೆ. ಅಂಥ ಸಂದರ್ಭದಲ್ಲಿ ನಾನಾಗಿದ್ದರೆ ಮೊದಲು ಯಾರ ಕೆಲಸ ಕಳುವಾಗಿದೆಯೋ ಅವರಿಗೆ ಹೇಳುತ್ತಿದ್ದೆ. ದೂರು ಕೊಡಬೇಕೋ ಬೇಡವೋ ಅಂತ ತೀರ್ಮಾನಿಸುವ ಮೊದಲ ಹಕ್ಕು ಅವರದು.

ಗ್ರೂಪ್ ಪ್ರಾಜೆಕ್ಟ್ ಆಗಿದ್ದರೆ

ಇಲ್ಲಿ ಲೆಕ್ಕವೇ ಬೇರೆ. ನಾಲ್ವರ ಹೆಸರಿನಲ್ಲಿ ಹೋಗುವ ವರದಿಯಲ್ಲಿ ಒಬ್ಬರು ಇಂಟರ್ನೆಟ್ಟಿನಿಂದ ಎತ್ತಿ ಹಾಕಿದರೆ ನಾಲ್ವರೂ ಉತ್ತರ ಹೇಳಬೇಕು. ‘ಅದು ಅವಳ ಭಾಗ’ ಅನ್ನುವುದನ್ನು ಎಲ್ಲ ಕಡೆ ಒಪ್ಪುವುದಿಲ್ಲ.

ಆದ್ದರಿಂದ ಸಲ್ಲಿಸುವುದಕ್ಕೆ ಮೂರು ದಿನ ಮುಂಚೆ ನಿಮ್ಮದೇ ಒಂದು ಗಡುವು ಇಟ್ಟುಕೊಳ್ಳಿ. ಎಲ್ಲರೂ ತಮ್ಮ ಭಾಗವನ್ನೂ ಅದಕ್ಕೆ ಬಳಸಿದ ಆಕರಗಳನ್ನೂ ಒಟ್ಟಿಗೆ ಹಾಕಬೇಕು. ಒಬ್ಬರು ಕೂತು ಎಲ್ಲ ಭಾಗವನ್ನೂ ಜೋರಾಗಿ ಓದಿ. ಕಿವಿಗೆ ಗೊತ್ತಾಗುತ್ತದೆ. ಎರಡು ಪ್ಯಾರಾ ನಮ್ಮ ಹುಡುಗಿಯ ಮಾತು, ಮೂರನೆಯದು ಇದ್ದಕ್ಕಿದ್ದ ಹಾಗೆ ಇಪ್ಪತ್ತು ವರ್ಷ ಪಾಠ ಮಾಡಿದ ಪ್ರೊಫೆಸರ್ ಮಾತು! ಫಾಂಟ್ ಸ್ವಲ್ಪ ಬೇರೆ, ಸಾಲಿನ ಹಿಂದೆ ತೆಳು ಬೂದು ಬಣ್ಣ, ಮಧ್ಯದಲ್ಲಿ ಎಲ್ಲಿಗೂ ಸೇರದ ‘12’ ಎಂಬ ಅಡಿಟಿಪ್ಪಣಿ ಸಂಖ್ಯೆ. ವೆಬ್‌ಪುಟದಿಂದ ಪೇಸ್ಟ್ ಮಾಡಿದ್ದು ಹೀಗೆ ಸಿಕ್ಕಿಬೀಳುತ್ತದೆ.

ಸಿಕ್ಕರೆ ಗ್ರೂಪಿನಲ್ಲೇ ಬರೆಯಿರಿ: ‘ಎರಡನೇ ಅಧ್ಯಾಯದ ಈ ಎರಡು ಪ್ಯಾರಾ ಬೇರೆ ಕಡೆ ಹಾಗೇ ಇದೆ. ನಾಳೆ ರಾತ್ರಿ 8ರೊಳಗೆ ಸರಿ ಮಾಡೋಣ, ಸಹಾಯ ಬೇಕಿದ್ರೆ ಹೇಳು.’ ಮಾಡದಿದ್ದರೆ ಆ ಭಾಗ ಬಿಟ್ಟು ಸಲ್ಲಿಸಿ, ಅಥವಾ ಗಡುವಿಗೆ ಮುಂಚೆಯೇ ಗೈಡ್‌ಗೆ ತಿಳಿಸಿ. ಗಡುವು ದಾಟಿದ ಮೇಲೆ ಹೇಳಿದ ಸತ್ಯಕ್ಕೆ ನೆಪದ ವಾಸನೆ ಬರುತ್ತದೆ.

‘ಸುಮ್ನೆ ರೆಫರೆನ್ಸ್‌ಗೆ ಕೊಡು’ ಅಂದಾಗ

ಇದೊಂದನ್ನು ಸರಿಯಾಗಿ ನಿಭಾಯಿಸಿದರೆ ಮೇಲಿನ ಹೆಜ್ಜೆಗಳು ಬಹುಪಾಲು ಬೇಕಾಗುವುದೇ ಇಲ್ಲ. ಕೇಳುವವರು ಕೆಟ್ಟವರೇನಲ್ಲ. ರಾತ್ರಿ ಹನ್ನೊಂದಕ್ಕೆ ಖಾಲಿ ಪುಟ ಎದುರಿಗಿಟ್ಟುಕೊಂಡು ಕೂತಿರುತ್ತಾರೆ. ನಿಜಕ್ಕೂ ‘ನೋಡ್ತೀನಿ ಅಷ್ಟೇ’ ಅಂದುಕೊಂಡೇ ಕೇಳುತ್ತಾರೆ. ಹನ್ನೆರಡೂವರೆಗೆ ನಿದ್ದೆ ಒತ್ತಿಕೊಂಡು ಬರುತ್ತದೆ, ಕೈ ಕಂಟ್ರೋಲ್ ಸಿ ಕಡೆ ಹೋಗುತ್ತದೆ.

ಫೈಲ್ ಕೊಡಬೇಡಿ, ಬೇರೆ ಏನಾದರೂ ಕೊಡಿ. ನೀವು ಓದಿದ ಪುಸ್ತಕ, ಲೇಖನಗಳ ಪಟ್ಟಿ ಕಳಿಸಿ. ಅರ್ಧ ಗಂಟೆ ಫೋನಿನಲ್ಲಿ ವಿಷಯ ವಿವರಿಸಿ. ವರದಿಯಲ್ಲಿ ಏನೇನು ತಲೆಬರಹ ಬರುತ್ತದೆ ಅಂತ ಹೇಳಿ. ಎದುರಿಗೇ ಇದ್ದರೆ ಸ್ಕ್ರೀನ್ ತಿರುಗಿಸಿ ತೋರಿಸಿ, ಪ್ರಶ್ನೆ ಕೇಳಲು ಬಿಡಿ. ‘ಫೈಲ್ ಕೊಡಲ್ಲ ಕಣೋ, ಹಿಂದೆ ಒಂದ್ಸಲ ಇಬ್ಬರಿಗೂ ಸೊನ್ನೆ ಬಿದ್ದಿದೆ. ಬಾ, ಕೂತು ಹೇಳ್ಕೊಡ್ತೀನಿ’ ಅಂತ ನಾನು ಆಮೇಲೆ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಕೆಲವರು ಮುಖ ಊದಿಸಿಕೊಂಡು ಹೋದರು. ಹೆಚ್ಚಿನವರು ಬಂದು ಕೂತರು.

ದೂರಿನ ಆಮೇಲೆ

ಕ್ಲಾಸಿನಲ್ಲಿ ನಾಲ್ಕು ದಿನ ಗುಸುಗುಸು ಇರುತ್ತದೆ. ಯಾರಾದರೂ ಕೇಳಿದರೆ ‘ಅದು ಲೆಕ್ಚರರ್ ಹತ್ತಿರ ಇದೆ, ನಾನು ಮಾತಾಡಲ್ಲ’ ಅಂದುಬಿಡಿ. ಫಲಿತಾಂಶ ಏನಾಯಿತು ಅಂತ ನಿಮಗೆ ತಿಳಿಸದೆಯೂ ಇರಬಹುದು. ಎದುರಿನವರ ಶಿಕ್ಷೆಯ ವಿವರ ಎಲ್ಲ ಕಡೆ ಹೇಳುವುದಿಲ್ಲ. ನೀವು ಕೇಳಬೇಕಾದದ್ದು ಒಂದೇ: ‘ನನ್ನ ಮಾರ್ಕ್ಸ್ ಏನಾಯಿತು?’ ಅದಕ್ಕೆ ಉತ್ತರವನ್ನು ಬರಹದಲ್ಲಿ ಪಡೆಯಿರಿ. ಮೇಲ್ಮನವಿಗೆ ಎಷ್ಟು ದಿನ ಇದೆ ಅಂತಲೂ ಕೇಳಿಕೊಳ್ಳಿ.

ಆರೋಪ ನಿಮ್ಮ ಮೇಲೇ ತಿರುಗಿಬಿದ್ದರೂ ಇದೇ ದಾರಿ. ಇಬ್ಬರೂ ಸೇರಿ ಕಥೆ ಕಟ್ಟಲು ಹೋಗಬೇಡಿ, ಬೇರೆ ಬೇರೆಯಾಗಿ ಕೂರಿಸಿ ಕೇಳಿದಾಗ ಮೊದಲ ಐದು ನಿಮಿಷದಲ್ಲೇ ಅದು ಬಿಚ್ಚಿಕೊಳ್ಳುತ್ತದೆ. ವರ್ಷನ್ ಹಿಸ್ಟರಿ, ಕರಡು, ಚಾಟ್ ಹಿಡಿದು ಹೋಗಿ.

ಅವೆಲ್ಲ ಒಂದು ಫೋಲ್ಡರಿನಲ್ಲಿ ಇರಲಿ. ಪ್ರತಿ ವಿಷಯಕ್ಕೆ ಒಂದು ಫೋಲ್ಡರ್, ಫೈಲಿನ ಹೆಸರಿನಲ್ಲೇ ದಿನಾಂಕ. ಮಾರ್ಕ್ಸ್ ಕಾರ್ಡ್ ಕೈಗೆ ಬಂದು ಮೇಲ್ಮನವಿಯ ಗಡುವು ಮುಗಿಯುವವರೆಗೂ ಡಿಲೀಟ್ ಒತ್ತಬೇಡಿ. ಚಿತ್ರ 4 ಇದ್ದ ನನ್ನ ಹಳೆಯ ಕರಡು ಒಂದು ವರ್ಷ ಕಳೆದ ಮೇಲೆ ಪೆನ್‌ಡ್ರೈವ್ ಒಂದರಲ್ಲಿ ಸಿಕ್ಕಿತು. ಅಷ್ಟು ಹೊತ್ತಿಗೆ ಅದನ್ನು ತೋರಿಸಲು ಯಾರೂ ಇರಲಿಲ್ಲ.